ಬೊನೇರ್ ದ್ವೀಪದ ನೀರಡಿಯ ವಿಹಾರ: ಒಂದು ಆಯವ್ಯಯ ವಿಚಾರ

ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ ನೀರಿನಡಿ ಸಂಚರಿಸುವ ಸ್ಕೂಬಾ ಡೈವಿಂಗ್‌ಗಾಗಿಯೇ ಹೊರಡುವ ಪ್ರವಾಸದಲ್ಲಿ, ವಿಮಾನದ ಟಿಕೆಟ್ಟು, ಕೋಣೆಯ ಬಾಡಿಗೆ, ಊಟ, ವಾಹನ, ಸಲಕರಣೆ, ವಿಮೆ, ತೆರಿಗೆ ಎಂದು ಹತ್ತಾರು ಬಾಬತ್ತುಗಳಿಗೆ ಹರಿದುಹೋಗುವ ಹಣವೆಲ್ಲ ಕೊನೆಗೆ ಒಂದೇ ವಸ್ತುವಿನ ಬೆಲೆಯಾಗುತ್ತದೆ. ಒಂದು ಸಲಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ನೀರಿನ ಕೆಳಗೆ ಕಳೆಯುವ ಅವಧಿಯೇ ಆ ವಸ್ತು. ಈ ಅವಧಿಗೆ ಡೈವ್ ಎಂದು ಹೆಸರು. ಪ್ರವಾಸದ ಒಟ್ಟು ವೆಚ್ಚವನ್ನು ಡೈವ್‌ಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಮೊತ್ತವೇ ಇಂಥ ಪ್ರವಾಸದ ನಿಜವಾದ ದರವಾಗಿದ್ದು, ಡೈವಿಂಗ್ ಅಂಗಡಿಗಳ ಫಲಕದ ಮೇಲೆ ಬರೆದಿರುವ ದರ ಅದರ ಒಂದು ಸಣ್ಣ ಪಾಲು ಮಾತ್ರ. ಈ ಭಾಗಾಕಾರವನ್ನು ಹೊರಡುವ ಮೊದಲೇ ಮಾಡಿದವರಿಗೂ ಊರಿಗೆ ಮರಳಿದ ಮೇಲೆ ಮಾಡಿದವರಿಗೂ ಕೈಗೆ ಬರುವ ಉತ್ತರಗಳ ನಡುವೆ ಬಹಳ ಅಂತರವಿರುತ್ತದೆ.

ಕೆರಿಬಿಯನ್ ಸಮುದ್ರದ ದ್ವೀಪಗಳಲ್ಲಿ ಈ ಲೆಕ್ಕ ಒಂದೇ ರೀತಿಯಾಗಿಲ್ಲ. ಬ್ರಿಟಿಷ್ ಆಡಳಿತದ ಗ್ರ್ಯಾಂಡ್ ಕೇಮನ್‌ನಲ್ಲಿ ಹೆಚ್ಚಿನ ಡೈವ್‌ಗಳು ದೋಣಿಯಿಂದಲೇ ನಡೆಯುತ್ತವೆ; ಅಲ್ಲಿನ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ಡಾಲರ್ ಎಂದು ಕಾಣುವುದು ಹಲವು ಬಾರಿ ಕೇಮನ್ ಡಾಲರ್ ಆಗಿದ್ದು, ಅದರ ಒಂದು ಡಾಲರಿಗೆ ಅಮೆರಿಕದ 1.20 ಡಾಲರ್ ಎಂಬ ವಿನಿಮಯ ದರ ನಿಗದಿಯಾಗಿರುವುದರಿಂದ, 25 ಎಂದು ಓದಿದ ಊಟಕ್ಕೆ ಅಮೆರಿಕದ 30 ಡಾಲರ್ ತೆರಬೇಕಾಗುತ್ತದೆ. ಮೆಕ್ಸಿಕೋದ ಕೊಸುಮೆಲ್‌ನಲ್ಲಿ ನೀರಿನ ಸೆಳೆತ ಬಲವಾಗಿರುವುದರಿಂದ, ಡೈವರುಗಳು ಸೆಳೆತದೊಂದಿಗೆ ತೇಲಿ ಸಾಗಿ ಬೇರೊಂದು ಕಡೆ ಮೇಲೇಳುವ ಪದ್ಧತಿಯಿದೆ. ಇದಕ್ಕೆ ಹಿಂದೆಯೇ ಬರುವ ದೋಣಿಯೂ ಮಾರ್ಗದರ್ಶಕನೂ ಬೇಕು. ಹೊಂಡುರಾಸ್‌ನ ಉಟಿಲಾ ಕಡಿಮೆ ಖರ್ಚಿನಲ್ಲಿ ಡೈವಿಂಗ್ ಕಲಿಸುವ ಊರೆಂದು ಯುವಕರಲ್ಲಿ ಹೆಸರಾಗಿದೆ. ಇವೆಲ್ಲಕ್ಕಿಂತ ಭಿನ್ನವಾದ ಲೆಕ್ಕವನ್ನು ಮುಂದಿಡುವ, ಅಂಥ ಪ್ರವಾಸದ ಆಯವ್ಯಯವನ್ನು ಅಭ್ಯಾಸ ಮಾಡಲು ಎಲ್ಲಕ್ಕಿಂತ ಯೋಗ್ಯವಾದ ದ್ವೀಪವೆಂದರೆ ಬೊನೇರ್.

ವೆನಿಜುವೆಲಾದ ಕರಾವಳಿಯಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕಿರುವ, 288 ಚದರ ಕಿಲೋಮೀಟರ್ ವಿಸ್ತೀರ್ಣದ ಈ ದ್ವೀಪ 2010ರ ಅಕ್ಟೋಬರ್ 10ರಿಂದ ನೆದರ್ಲೆಂಡ್ಸ್ ದೇಶದ ವಿಶೇಷ ಪುರಸಭೆಯಾಗಿದೆ. ಆಳುವವರು ಡಚ್ಚರಾದರೂ ಇಲ್ಲಿ ಯೂರೋ ಚಲಾವಣೆಯಲ್ಲಿಲ್ಲ; 2011ರ ಜನವರಿ 1ರಿಂದ ಅಮೆರಿಕದ ಡಾಲರೇ ಅಧಿಕೃತ ನಾಣ್ಯ. ಜನರ ಮನೆಮಾತು ಪಾಪಿಯಾಮೆಂಟು. ರಾಜಧಾನಿಯಾದ ಕ್ರಾಲೆಂಡೈಕ್ ಒಂದು ಸಣ್ಣ ಪಟ್ಟಣವಾಗಿದ್ದು, ಇಡೀ ದ್ವೀಪದಲ್ಲಿ ಸಂಚಾರ ದೀಪಗಳೇ ಇಲ್ಲ. ಪೂರ್ವದಿಂದ ವರ್ಷವಿಡೀ ಬೀಸುವ ವಾಣಿಜ್ಯ ಮಾರುತಗಳಿಗೆ ದ್ವೀಪದ ನೆಲವೇ ಅಡ್ಡವಾಗಿ ನಿಲ್ಲುವುದರಿಂದ ಪಶ್ಚಿಮದ ತೀರದಲ್ಲಿ ಕಡಲು ಬಹುಪಾಲು ಶಾಂತವಾಗಿರುತ್ತದೆ. ಮಳೆ ಕಡಿಮೆಯಾದ್ದರಿಂದಲೂ ಹೊಳೆಗಳಿಲ್ಲದ್ದರಿಂದಲೂ ಮಣ್ಣು ಕಡಲಿಗೆ ಸೇರದೆ ನೀರು ತಿಳಿಯಾಗಿ ಉಳಿಯುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಹವಳದ ಜೀವಿಗಳು ಸಾವಿರಾರು ವರ್ಷಗಳಲ್ಲಿ ಸುಣ್ಣಕಲ್ಲಿನಂಥ ಗೂಡುಗಳನ್ನು ಕಟ್ಟಿ ಬೆಳೆಸಿದ ಹವಳದ ದಿಬ್ಬ ಇಲ್ಲಿ ದಡಕ್ಕೆ ಅಂಟಿಕೊಂಡಂತೆಯೇ ಇದ್ದು, ರಸ್ತೆಯ ಪಕ್ಕದಲ್ಲಿ ವಾಹನ ನಿಲ್ಲಿಸಿ, ಸಲಕರಣೆ ತೊಟ್ಟು, ನಡೆದೇ ನೀರಿಗಿಳಿದು ಕೆಲವೇ ನಿಮಿಷ ಈಜಿದವರಿಗೆ ಅದು ಸಿಗುತ್ತದೆ.

ಈ ಒಂದು ಭೌಗೋಳಿಕ ಸಂಗತಿಯೇ ಬೊನೇರಿನ ಡೈವಿಂಗ್ ಅರ್ಥವ್ಯವಸ್ಥೆಯ ಅಡಿಪಾಯ. ಡೈವ್ ತಾಣಗಳ ಹೆಸರನ್ನು ಹಳದಿ ಬಣ್ಣ ಬಳಿದ ಕಲ್ಲುಗಳ ಮೇಲೆ ಬರೆದು ರಸ್ತೆಯಂಚಿನಲ್ಲಿ ಇಟ್ಟಿರುತ್ತಾರೆ. ಎದುರಿಗಿರುವ ಜನವಸತಿಯಿಲ್ಲದ ಪುಟ್ಟ ದ್ವೀಪ ಕ್ಲೈನ್ ಬೊನೇರಿನ ತಾಣಗಳನ್ನೂ ಸೇರಿಸಿದರೆ ಹೆಸರುಳ್ಳ ತಾಣಗಳು ಎಂಬತ್ತಕ್ಕೂ ಹೆಚ್ಚು. ಕ್ಲೈನ್ ಬೊನೇರಿಗೆ ದೋಣಿ ಬೇಕು, ಉಳಿದ ಬಹುಪಾಲು ತಾಣಗಳಿಗೆ ಬೇಡ. ದೋಣಿಯ ಡೈವ್‌ನಲ್ಲಿ ಪ್ರವಾಸಿಯು ಪ್ರತಿ ಇಳಿತಕ್ಕೂ ಇಂಧನ, ನಾವಿಕ, ಮಾರ್ಗದರ್ಶಕ ಇವರೆಲ್ಲರ ಪಾಲನ್ನು ತೆರುತ್ತಾನೆ; ದಡದ ಡೈವ್‌ನಲ್ಲಿ ಅವನಿಗೆ ಬೇಕಾದದ್ದು ಗಾಳಿ ತುಂಬಿದ ಸಿಲಿಂಡರ್, ಸೀಸದ ತೂಕಗಳು ಮತ್ತು ಜೊತೆಗಾರ. ಆದ್ದರಿಂದಲೇ ಇಲ್ಲಿನ ಅಂಗಡಿಗಳು ವಾರಕ್ಕೆ ಇಷ್ಟು ಎಂದು ಹಣ ಪಡೆದು ಎಷ್ಟು ಸಿಲಿಂಡರನ್ನಾದರೂ ಒಯ್ಯಲು ಬಿಡುವ ಏರ್ಪಾಡನ್ನು ಬೆಳೆಸಿವೆ. ಖಾನಾವಳಿಯ ಫುಲ್ ಮೀಲ್ಸ್‌ನಂತೆ ಇದೂ ಹಸಿವಿದ್ದವರಿಗೆ ಅಗ್ಗ, ಇಲ್ಲದವರಿಗೆ ತುಟ್ಟಿ.

ಭಾಗಾಕಾರದ ಬಲ ಎಷ್ಟೆಂಬುದು ಒಂದು ಕಲ್ಪಿತ ಲೆಕ್ಕದಿಂದ ತಿಳಿಯುತ್ತದೆ. ವಿಮಾನ, ಕೋಣೆ, ವಾಹನ, ಊಟ, ತೆರಿಗೆ, ವಿಮೆ ಸೇರಿ ಒಬ್ಬರ ಒಂದು ವಾರದ ಸ್ಥಿರ ವೆಚ್ಚ 2,400 ಡಾಲರ್ ಎಂದೂ ವಾರದ ಸಿಲಿಂಡರುಗಳಿಗೆ 250 ಡಾಲರ್ ಎಂದೂ ಹಿಡಿದುಕೊಳ್ಳೋಣ; ಇವು ಪೇಟೆಯ ದರಗಳಲ್ಲ, ವಿಧಾನವನ್ನು ತೋರಿಸಲು ಇಟ್ಟುಕೊಂಡ ಅಂಕಿಗಳು. ಆರು ಡೈವ್ ಮಾಡಿದವರಿಗೆ ಒಂದೊಂದೂ ಸುಮಾರು 442 ಡಾಲರಿಗೆ ಬೀಳುತ್ತದೆ. ಹದಿನಾರು ಮಾಡಿದವರಿಗೆ ಸುಮಾರು 166 ಡಾಲರಿಗೆ ಇಳಿಯುತ್ತದೆ. ಸಿಲಿಂಡರಿನ ದರದಲ್ಲಿ ಐವತ್ತು ಡಾಲರ್ ಚೌಕಾಶಿ ಮಾಡಿ ಗೆದ್ದವರು ಎರಡು ದಿನ ತಡವಾಗಿ ಎದ್ದರೆ ಗೆದ್ದದ್ದಕ್ಕಿಂತ ಎಷ್ಟೋ ಹೆಚ್ಚನ್ನು ಕಳೆದುಕೊಂಡಿರುತ್ತಾರೆ. ಸ್ಥಿರ ವೆಚ್ಚ ಹೆಚ್ಚಿದಷ್ಟೂ, ಅಂದರೆ ಪ್ರವಾಸಿಯ ಊರು ದೂರವಿದ್ದಷ್ಟೂ, ಡೈವ್‌ಗಳ ಸಂಖ್ಯೆಯ ಮಹತ್ವ ಏರುತ್ತ ಹೋಗುತ್ತದೆ.

ಆದರೆ ಸಂಖ್ಯೆಯನ್ನು ಮನಸ್ಸಿಗೆ ಬಂದಂತೆ ಏರಿಸಲಾಗದು; ಅದಕ್ಕೆ ಶರೀರದ ಕಡೆಯಿಂದ ಒಂದು ಮಿತಿಯಿದೆ. ಡೈವಿಂಗ್‌ನಲ್ಲಿ ಸಾಮಾನ್ಯವಾಗಿ ಬಳಸುವ ಅಲ್ಯೂಮಿನಿಯಂ ಸಿಲಿಂಡರಿನೊಳಗಿನ ಜಾಗ ಸುಮಾರು 11 ಲೀಟರ್ ಆಗಿದ್ದು, ಅದರಲ್ಲಿ ವಾತಾವರಣಕ್ಕಿಂತ ಇನ್ನೂರು ಪಟ್ಟು ಒತ್ತಡದಲ್ಲಿ ಎರಡು ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಅಡಕ ಮಾಡಿರುತ್ತಾರೆ. ಹತ್ತು ಮೀಟರ್ ಆಳದಲ್ಲಿ ನೀರಿನ ಒತ್ತಡ ಮೇಲ್ಮೈಯ ಒತ್ತಡದ ಎರಡರಷ್ಟಿರುವುದರಿಂದ ಪ್ರತಿ ಉಸಿರಿಗೂ ಎರಡರಷ್ಟು ಗಾಳಿ ವೆಚ್ಚವಾಗುತ್ತದೆ, ಇಪ್ಪತ್ತು ಮೀಟರಿನಲ್ಲಿ ಮೂರರಷ್ಟು. ಹೀಗೆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗಿ ಉಳಿಯುತ್ತದೆ. ಡೈವರು ಬೇಗನೆ ಮೇಲೆ ಬಂದರೆ ಅಥವಾ ಮಿತಿಗಿಂತ ಹೆಚ್ಚು ಹೊತ್ತು ಕೆಳಗಿದ್ದರೆ ಅದು ಗುಳ್ಳೆಗಳಾಗಿ ಕೀಲುನೋವಿನಿಂದ ಹಿಡಿದು ಲಕ್ವದವರೆಗೆ ತೊಂದರೆ ಕೊಡುತ್ತದೆ. ಇದೇ ಡಿಕಂಪ್ರೆಷನ್ ಕಾಯಿಲೆ. ದಿನಕ್ಕೆ ಮೂರು ಡೈವ್‌ಗಳನ್ನು ನಡುನಡುವೆ ವಿಶ್ರಾಂತಿಯೊಂದಿಗೆ ಮಾಡುವುದು ಬೊನೇರಿಗೆ ಬರುವ ಅನುಭವಿಗಳಲ್ಲಿ ರೂಢಿ. ಸಾರಜನಕವನ್ನು ತಗ್ಗಿಸಿ ಆಮ್ಲಜನಕವನ್ನು 21ರ ಬದಲು 32 ಪ್ರತಿಶತದಷ್ಟಕ್ಕೆ ಏರಿಸಿದ ನೈಟ್ರಾಕ್ಸ್ ಎಂಬ ಮಿಶ್ರಣವನ್ನು ಅವರು ಹೆಚ್ಚಾಗಿ ಬಳಸುತ್ತಾರೆ. ದ್ವೀಪದ ಹಲವು ಅಂಗಡಿಗಳು ಇದಕ್ಕೆ ಸಾದಾ ಗಾಳಿಯ ದರವನ್ನೇ ಪಡೆಯುತ್ತವೆ. ನೈಟ್ರಾಕ್ಸ್‌ಗೆ ಪ್ರತ್ಯೇಕ ಪ್ರಮಾಣಪತ್ರ ಬೇಕಾದರೂ ಆ ತರಬೇತಿ ಒಂದು ದಿನದಲ್ಲಿ ಮುಗಿಯುವಂಥದ್ದು. ಬಹು ಡೈವ್‌ಗಳ ಪ್ರವಾಸದಲ್ಲಿ ಇಷ್ಟು ಚೆನ್ನಾಗಿ ಫಲ ಕೊಡುವ ಮುಂಗಡ ಖರ್ಚು ಮತ್ತೊಂದಿಲ್ಲ. ಆಮ್ಲಜನಕ ಹೆಚ್ಚಾದಷ್ಟೂ ಇಳಿಯಬಹುದಾದ ಆಳ ತಗ್ಗುತ್ತದೆ ಎಂಬುದು ಅದರ ಬೆಲೆ, ಆದರೆ ಬೊನೇರಿನ ದಡದ ತಾಣಗಳಲ್ಲಿ ನೋಡತಕ್ಕದ್ದೆಲ್ಲ ಬಹುಪಾಲು ಮೂವತ್ತು ಮೀಟರಿನೊಳಗೇ ಇರುವುದರಿಂದ ಅದು ಹೊರೆಯಾಗುವುದಿಲ್ಲ.

ಈ ದ್ವೀಪದಲ್ಲಿ ಡೈವರು ತೆರುವ ಸರ್ಕಾರಿ ಹಾಗೂ ಸಾರ್ವಜನಿಕ ಶುಲ್ಕಗಳು ಎರಡು. ಮೊದಲನೆಯದು ಪ್ರವೇಶ ತೆರಿಗೆ; 2022ರ ಜುಲೈ 1ರಿಂದ ಹೊರಗಿನ ವಯಸ್ಕರಿಗೆ ಇದು 75 ಡಾಲರ್. ಎರಡನೆಯದು ನಿಸರ್ಗ ಶುಲ್ಕ, ಅಂದರೆ ಬೊನೇರ್ ರಾಷ್ಟ್ರೀಯ ಸಾಗರ ಉದ್ಯಾನದ ನೀರಿಗಿಳಿಯಲು ಕೊಡುವ ಹಣ. ಸದ್ಯ ಇದು ಕ್ಯಾಲೆಂಡರ್ ವರ್ಷಕ್ಕೆ 40 ಡಾಲರ್ ಆಗಿದೆ. ಪ್ರವಾಸದ ಅಂದಾಜುಪಟ್ಟಿ ತಯಾರಿಸುವವರು ಇವೆರಡನ್ನೂ ಇತರೆ ಎಂಬ ಶೀರ್ಷಿಕೆಯಡಿ ತಳ್ಳಿಬಿಡುವುದು ವಾಡಿಕೆ. ಮೊದಲನೆಯದರ ಮಟ್ಟಿಗೆ ಅದು ಸರಿಯೇ. ಎರಡನೆಯದರ ಮಟ್ಟಿಗೆ ಅದು ತಿಳಿಗೇಡಿತನ, ಏಕೆಂದರೆ ಪ್ರವಾಸಿಯು ನೋಡಲು ಹೊರಟಿರುವ ವಸ್ತುವೇ ಆ ಶುಲ್ಕದಿಂದ ಉಳಿದಿದೆ.

ಆ ಕತೆ ಹೀಗಿದೆ. ಡಾನ್ ಸ್ಟೂವರ್ಟ್ ಎಂಬ ಅಮೆರಿಕನ್ ನಾವಿಕ 1962ರಲ್ಲಿ ತನ್ನ ಹಾಯಿಹಡಗಿನಲ್ಲಿ ಬೊನೇರಿಗೆ ಬಂದು ನೆಲೆಸಿ, ಮೊದಲು ಮೀನು ಹಿಡಿದು ಮಾರುವ ಕೆಲಸಗಳಲ್ಲಿ ತೊಡಗಿದ್ದವನು, ಮುಂದೆ ಆ ಬೇಟೆಯಿಂದ ಆಗುವ ಹಾನಿಯನ್ನು ಕಂಡು ಅದನ್ನು ನಿಲ್ಲಿಸಬೇಕೆಂದು ವಾದಿಸತೊಡಗಿದ. 1971ರಲ್ಲಿ ಈಟಿಯಿಂದ ಮೀನು ಹೊಡೆಯುವುದು ನಿಷೇಧವಾಯಿತು, 1975ರಲ್ಲಿ ಹವಳವನ್ನು ಮುರಿಯುವುದೂ ಒಯ್ಯುವುದೂ ಅಪರಾಧವಾಯಿತು, 1979ರಲ್ಲಿ ದ್ವೀಪದ ಸುತ್ತಲಿನ ಕಡಲನ್ನು ದಡದಿಂದ 60 ಮೀಟರ್ ಆಳದವರೆಗೆ ಸಾಗರ ಉದ್ಯಾನವೆಂದು ಘೋಷಿಸಲಾಯಿತು. ಲಂಗರು ಬಿದ್ದ ಕಡೆ ಶತಮಾನಗಳಿಂದ ಬೆಳೆದ ಹವಳ ಕ್ಷಣದಲ್ಲಿ ಪುಡಿಯಾಗುವುದರಿಂದ, ಲಂಗರು ಹಾಕುವುದನ್ನೇ ತಡೆದು, ದೋಣಿಗಳನ್ನು ಕಟ್ಟಲು ತೇಲುಬುರುಡೆಗಳನ್ನು ಶಾಶ್ವತವಾಗಿ ನೆಟ್ಟರು. ಆದರೆ ಘೋಷಣೆಯ ಹಿಂದೆ ಹಣವಿರಲಿಲ್ಲ. ಆರಂಭದ ಅನುದಾನ ಮುಗಿದ ಮೇಲೆ ಉದ್ಯಾನ ಹಲವು ವರ್ಷ ಕಾಗದದ ಮೇಲಷ್ಟೇ ಉಳಿಯಿತು. 1992ರಲ್ಲಿ ಡೈವರುಗಳಿಂದ ವರ್ಷಕ್ಕೆ 10 ಡಾಲರ್ ಪಡೆಯುವ ಪದ್ಧತಿ ಜಾರಿಗೆ ಬಂದ ಮೇಲೆ, ಸ್ಟಿನಾಪಾ ಎಂಬ ಸಂರಕ್ಷಣಾ ಸಂಸ್ಥೆಗೆ ಕಾವಲುಗಾರರ ಸಂಬಳ, ಗಸ್ತಿನ ದೋಣಿ, ತೇಲುಬುರುಡೆಗಳ ದುರಸ್ತಿ ಇವಕ್ಕೆ ಭರವಸೆಯ ಆದಾಯ ದೊರೆಯಿತು. ಬಳಸುವವರೇ ಕೊಟ್ಟ ಹಣದಿಂದ ಒಂದು ಸಾಗರ ಉದ್ಯಾನ ತನ್ನ ಕಾಲ ಮೇಲೆ ನಿಲ್ಲಬಲ್ಲದೆಂಬುದಕ್ಕೆ ಜಗತ್ತಿನ ಹಲವು ಕಡೆ ಇಂದಿಗೂ ಈ ದ್ವೀಪವನ್ನೇ ಉದಾಹರಿಸುತ್ತಾರೆ. ಹತ್ತು ಡಾಲರ್ ಕೇಳಿದರೆ ಪ್ರವಾಸಿಗಳು ಬೇರೆ ದ್ವೀಪಕ್ಕೆ ಹೋಗಿಬಿಡುತ್ತಾರೆ ಎಂಬ ಆತಂಕ ಆಗ ವ್ಯಾಪಾರಿಗಳಲ್ಲಿ ಇದ್ದೇ ಇತ್ತು. ನಡೆದದ್ದು ಅದಕ್ಕೆ ವಿರುದ್ಧ.

ಶುಲ್ಕದೊಂದಿಗೆ ಕೆಲವು ಕಟ್ಟಳೆಗಳೂ ಬರುತ್ತವೆ, ಅವುಗಳಲ್ಲಿ ಕೆಲವು ಖರ್ಚಿಗೂ ಸಂಬಂಧಪಟ್ಟಿವೆ. ದ್ವೀಪಕ್ಕೆ ಬಂದ ಪ್ರತಿ ಡೈವರೂ ಮೊದಲು ಒಂದು ಅಂಗಡಿಯಲ್ಲಿ ನಿಯಮಗಳ ವಿವರಣೆ ಕೇಳಿ, ದಡದ ಬಳಿ ಪರಿಚಯದ ಡೈವ್ ಮಾಡಿ, ನೀರಿನಲ್ಲಿ ತನ್ನ ತೂಕವನ್ನು ಸರಿಹೊಂದಿಸಿಕೊಳ್ಳಬೇಕು. ಬಂದ ದಿನವೇ ಇದನ್ನು ಮುಗಿಸಿಕೊಂಡವರಿಗೆ ಮರುದಿನದ ಬೆಳಗು ಪೂರ್ತಿಯಾಗಿ ಸಿಗುತ್ತದೆ. ಕೈಗವಸು ತೊಡುವಂತಿಲ್ಲ, ಏಕೆಂದರೆ ಕೈಗವಸಿದ್ದವರು ಹವಳವನ್ನು ಹಿಡಿಯಲು ಅಂಜುವುದಿಲ್ಲ. ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಬಿಸಿಲುಕ್ರೀಮುಗಳ ಮಾರಾಟವನ್ನು ದ್ವೀಪ ನಿಷೇಧಿಸಿದೆ. ಫ್ಲಾರಿಡಾದಲ್ಲಿ 2014ರಲ್ಲಿ ಕಾಣಿಸಿಕೊಂಡು ಕೆರಿಬಿಯನ್ ಕಡಲಲ್ಲೆಲ್ಲ ಹರಡಿದ, ಗಟ್ಟಿ ಹವಳಗಳ ಅಂಗಾಂಶವನ್ನೇ ತಿಂದುಹಾಕುವ ಒಂದು ರೋಗ 2023ರಲ್ಲಿ ಬೊನೇರಿಗೂ ಕಾಲಿಟ್ಟಿತು. ಆಗ ಕೆಲವು ತಾಣಗಳನ್ನು ಮುಚ್ಚಿ, ಡೈವರುಗಳು ತಮ್ಮ ಸಲಕರಣೆಗಳನ್ನು ಸೋಂಕುನಿವಾರಕದಲ್ಲಿ ಅದ್ದಿ ತೊಳೆಯಬೇಕೆಂದು ಸೂಚಿಸಲಾಯಿತು. ಮಿದುಳಿನ ಮಡಿಕೆಗಳಂತೆ ಕಾಣುವ ದೊಡ್ಡ ಹವಳಗಳು ಈ ರೋಗಕ್ಕೆ ಹೆಚ್ಚು ಬಲಿಯಾಗಿವೆ. ಮುಂದೂಡಿದ ಪ್ರವಾಸದ ವೆಚ್ಚವನ್ನು ಲೆಕ್ಕ ಹಾಕುವಾಗ ಟಿಕೆಟ್ಟಿನ ದರ ಏರಬಹುದೆಂದಷ್ಟೇ ಯೋಚಿಸುವವರು, ನೋಡುವ ವಸ್ತುವೇ ಸವೆಯುತ್ತಿದೆಯೆಂಬುದನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಇನ್ನು ವಾಹನ. ದಡದ ಡೈವ್‌ಗಳಿಗೆ ದೋಣಿ ಬೇಡವೆಂಬ ಉಳಿತಾಯದ ಒಂದು ಪಾಲನ್ನು ಬಾಡಿಗೆಯ ಪಿಕಪ್ ಗಾಡಿ ಮರಳಿ ಪಡೆಯುತ್ತದೆ. ಹಿಂಬದಿ ತೆರೆದಿರುವ ಈ ಗಾಡಿಯಲ್ಲಿ ಸಿಲಿಂಡರುಗಳನ್ನು ನಿಲ್ಲಿಸಲು ಮರದ ಚೌಕಟ್ಟಿರುತ್ತದೆ, ಒದ್ದೆ ಉಡುಪಿನಲ್ಲೇ ಹತ್ತಬಹುದು. ಇಬ್ಬರಿಗೊಂದು ಗಾಡಿಯಾದರೆ ದುಬಾರಿ, ನಾಲ್ವರಾದರೆ ಹಗುರ; ಡೈವಿಂಗ್‌ನಲ್ಲಿ ಜೊತೆಗಾರರು ಹೇಗೂ ಜೋಡಿಜೋಡಿಯಾಗಿಯೇ ಇರಬೇಕಾದ್ದರಿಂದ ನಾಲ್ವರ ಗುಂಪು ಬೊನೇರಿಗೆ ಹೇಳಿಮಾಡಿಸಿದ್ದು. ಡೈವರುಗಳು ನೀರಿನಲ್ಲಿರುವಾಗ ದಡದಲ್ಲಿ ನಿಂತ ಗಾಡಿಗಳಿಂದ ಕಳ್ಳತನವಾಗುವುದು ದ್ವೀಪದ ಹಳೆಯ ಪಿಡುಗು. ಗಾಜು ಒಡೆದಾರೆಂಬ ಕಾರಣಕ್ಕೆ ಅಲ್ಲಿನವರು ಗಾಡಿಯಲ್ಲಿ ಏನನ್ನೂ ಬಿಡದೆ, ಕಿಟಕಿಗಳನ್ನು ತೆರೆದೇ ಇಟ್ಟು ನೀರಿಗಿಳಿಯಿರಿ ಎಂದು ಬುದ್ಧಿ ಹೇಳುತ್ತಾರೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು, ಹಾನಿಯಾದರೆ ತಾನೇ ತೆರಬೇಕಾದ ಮೊತ್ತ ಎಷ್ಟೆಂಬುದನ್ನು ಓದಿಕೊಳ್ಳಬೇಕು.

ಸಲಕರಣೆಗಳ ವಿಷಯದಲ್ಲಿ ಕೊಳ್ಳಬೇಕೋ ಬಾಡಿಗೆ ಪಡೆಯಬೇಕೋ ಎಂಬ ಪ್ರಶ್ನೆ ಎಲ್ಲರಿಗೂ ಎದುರಾಗುತ್ತದೆ. ಮುಖಕ್ಕೆ ಸರಿಯಾಗಿ ಕೂರಬೇಕಾದ ಮಾಸ್ಕ್, ಕಾಲಿನ ಫಿನ್, ಆಳವನ್ನೂ ಹೊತ್ತನ್ನೂ ಅಳೆದು ಸಾರಜನಕದ ಮಿತಿಯನ್ನು ತೋರಿಸುವ ಡೈವ್ ಕಂಪ್ಯೂಟರ್ ಇವು ಸ್ವಂತದ್ದಾಗಿರುವುದು ಒಳ್ಳೆಯದು. ಸಿಲಿಂಡರಿನ ಒತ್ತಡವನ್ನು ಉಸಿರಾಟಕ್ಕೆ ತಕ್ಕಂತೆ ತಗ್ಗಿಸುವ ರೆಗ್ಯುಲೇಟರ್ ಮತ್ತು ತೇಲುವಿಕೆಯನ್ನು ನಿಯಂತ್ರಿಸುವ ಗಾಳಿಜಾಕೆಟ್ಟು ವರ್ಷಕ್ಕೆ ಒಂದು ವಾರ ಮಾತ್ರ ಡೈವ್ ಮಾಡುವವರಿಗೆ ಬಾಡಿಗೆಯೇ ಲೇಸು, ಏಕೆಂದರೆ ಅವುಗಳ ಬೆಲೆಯ ಜೊತೆಗೆ ನಿಯತವಾದ ಸರ್ವಿಸಿನ ಖರ್ಚೂ, ವಿಮಾನದಲ್ಲಿ ಹೆಚ್ಚುವರಿ ತೂಕದ ಖರ್ಚೂ ಅಂಟಿಕೊಳ್ಳುತ್ತವೆ.

ಪ್ರಯಾಣದ ಖರ್ಚಿನಲ್ಲಿ ಹೊರಡುವ ಊರೇ ಎಲ್ಲವನ್ನೂ ನಿರ್ಧರಿಸುತ್ತದೆ. ಮಯಾಮಿ, ಅಟ್ಲಾಂಟಾ, ಹ್ಯೂಸ್ಟನ್, ನೆವಾರ್ಕ್ ನಗರಗಳಿಂದ ನೇರ ವಿಮಾನಗಳಿದ್ದರೂ ಕೆಲವು ವಾರದ ನಿರ್ದಿಷ್ಟ ದಿನಗಳಲ್ಲಷ್ಟೇ ಹಾರುತ್ತವೆ. ಯುರೋಪಿನ ಕಡೆಯಿಂದ ಆಮ್‌ಸ್ಟರ್‌ಡ್ಯಾಮ್ ಹೆಬ್ಬಾಗಿಲು. ಬೊನೇರ್ ಡಚ್ ಆಡಳಿತದಲ್ಲಿದ್ದರೂ ಷೆಂಗೆನ್ ವಲಯದ ಹೊರಗಿರುವುದರಿಂದ ಅದರ ಪ್ರವೇಶ ನಿಯಮಗಳೇ ಬೇರೆ, ಭಾರತದ ಪಾಸ್‌ಪೋರ್ಟ್ ಉಳ್ಳವರು ಟಿಕೆಟ್ಟು ಕೊಳ್ಳುವ ಮೊದಲೇ ಅವನ್ನು ಡಚ್ ಸರ್ಕಾರದ ಅಧಿಕೃತ ಮೂಲದಿಂದ ತಿಳಿದುಕೊಳ್ಳಬೇಕು. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುತ್ತಿರುವ ಕನ್ನಡಿಗರು ಇನ್ನೊಂದು ಸಂಗತಿಯನ್ನು ಗಮನಿಸಬೇಕಾಗುತ್ತದೆ: ಪಾಸ್‌ಪೋರ್ಟಿನಲ್ಲಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೂ ಅಲ್ಪಕಾಲ ಹೋಗಿ ಮರಳಲು ಕೆನಡಾ ಮತ್ತು ಮೆಕ್ಸಿಕೋಗಳಿಗೆ ಮಾತ್ರ ಅವರಿಗೆ ಇರುವ ಸಡಿಲಿಕೆ ಈ ದ್ವೀಪಕ್ಕೆ ಅನ್ವಯಿಸುವುದಿಲ್ಲ. ಅಂಥವರಿಗೆ ಕೊಸುಮೆಲ್ ಕೇವಲ ಅಗ್ಗದ ಆಯ್ಕೆಯಲ್ಲ, ಸಾಧ್ಯವಿರುವ ಆಯ್ಕೆ.

ಕಾಲದ ಆಯ್ಕೆಯಲ್ಲಿಯೂ ಬೊನೇರಿಗೆ ಒಂದು ಅನುಕೂಲವಿದೆ. ಅಟ್ಲಾಂಟಿಕ್‌ನ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ ಇದ್ದು, ಆಗ ಕೆರಿಬಿಯನ್‌ನ ಕೋಣೆ ಬಾಡಿಗೆಗಳು ಇಳಿಯುತ್ತವೆ. 2004ರಲ್ಲಿ ಐವನ್ ಎಂಬ ಚಂಡಮಾರುತ ಗ್ರ್ಯಾಂಡ್ ಕೇಮನ್ನನ್ನೂ 2005ರಲ್ಲಿ ವಿಲ್ಮಾ ಕೊಸುಮೆಲನ್ನೂ ಜರ್ಝರಿತಗೊಳಿಸಿದ್ದನ್ನು ನೆನೆದರೆ ಆ ರಿಯಾಯಿತಿಯ ಕಾರಣ ತಿಳಿಯುತ್ತದೆ. ಸಮಭಾಜಕದಿಂದ ಹನ್ನೆರಡು ಡಿಗ್ರಿಯಷ್ಟೇ ಉತ್ತರದಲ್ಲಿರುವ ಬೊನೇರ್ ಚಂಡಮಾರುತಗಳ ಸಾಮಾನ್ಯ ಹಾದಿಗಿಂತ ಕೆಳಗಿದೆ. ಪೂರ್ತಿ ನಿರ್ಭಯವೆಂದಲ್ಲ, 1999ರ ನವೆಂಬರಿನಲ್ಲಿ ಲೆನ್ನಿ ಎಂಬ ಚಂಡಮಾರುತ ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ವಾಡಿಕೆಗೆ ವಿರುದ್ಧವಾಗಿ, ಸಾಗಿದಾಗ ಎದ್ದ ಅಲೆಗಳು ದ್ವೀಪದ ಶಾಂತ ತೀರಕ್ಕೇ ಅಪ್ಪಳಿಸಿ ಆಳ ಕಡಿಮೆಯಿದ್ದ ಕಡೆಯ ಹವಳಗಳನ್ನು ಧ್ವಂಸ ಮಾಡಿದವು. ಆದರೂ ಕಡಿಮೆ ದರದ ತಿಂಗಳುಗಳಲ್ಲಿ ಧೈರ್ಯವಾಗಿ ಹೋಗಬಹುದಾದ ಕೆಲವೇ ದ್ವೀಪಗಳಲ್ಲಿ ಇದೊಂದು. ಊಟದ ವಿಷಯ ಇಷ್ಟೇ: ಆಹಾರ ಬಹುಪಾಲು ಹಡಗಿನಲ್ಲಿ ಹೊರಗಿನಿಂದ ಬರುವುದರಿಂದ ಹೋಟೆಲು ದುಬಾರಿ, ಅಡುಗೆಮನೆಯಿರುವ ಕೋಣೆ ಹಿಡಿದರೆ ಅಗ್ಗ, ಸಸ್ಯಾಹಾರಿಗಳಿಗಂತೂ ಅದೇ ದಾರಿ. ಸಮುದ್ರದ ನೀರಿನಿಂದ ಉಪ್ಪು ತೆಗೆದು ನಲ್ಲಿಗೆ ಹರಿಸುವ ನೀರು ಕುಡಿಯಲು ಚೆನ್ನಾಗಿದೆ, ಬಾಟಲಿ ಕೊಳ್ಳಬೇಕಾಗಿಲ್ಲ.

ಅಂದಾಜು ಮೀರಿದಾಗ ಪ್ರವಾಸಿಗಳು ಮೊದಲು ಕತ್ತರಿ ಹಾಕುವುದು ವಿಮೆಗೆ. ಕೊನೆಯವರೆಗೂ ಕತ್ತರಿ ಹಾಕಬಾರದ ಬಾಬತ್ತು ಅದೇ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಹಲವು ಸ್ಕೂಬಾ ಡೈವಿಂಗನ್ನು ಅಪಾಯದ ಆಟವೆಂದು ಹೊರಗಿಡುತ್ತವೆ ಅಥವಾ ಇಂತಿಷ್ಟು ಆಳದವರೆಗೆ ಮಾತ್ರ ಒಪ್ಪುತ್ತವೆ. ಇದು ಪಾಲಿಸಿಯ ಮುಖಪುಟದಲ್ಲಿರುವುದಿಲ್ಲ, ಒಳಗಿನ ಸಣ್ಣ ಅಕ್ಷರಗಳಲ್ಲಿರುತ್ತದೆ. ಡಿಕಂಪ್ರೆಷನ್ ಕಾಯಿಲೆಗೆ ಮಾತ್ರೆಯ ಮದ್ದಿಲ್ಲ. ರೋಗಿಯನ್ನು ಉಕ್ಕಿನ ಕೊಠಡಿಯಲ್ಲಿ ಮಲಗಿಸಿ, ಹದಿನೆಂಟು ಮೀಟರ್ ಆಳದಷ್ಟು ಒತ್ತಡವನ್ನು ಮತ್ತೆ ಏರಿಸಿ, ಶುದ್ಧ ಆಮ್ಲಜನಕವನ್ನು ಉಸಿರಾಡಿಸುತ್ತ, ಸುಮಾರು ಐದು ಗಂಟೆಗಳಲ್ಲಿ ನಿಧಾನವಾಗಿ ಮೇಲಕ್ಕೆ ತರುವುದು ರೂಢಿಯ ಚಿಕಿತ್ಸೆ, ಕೆಲವರಿಗೆ ಅದನ್ನು ಹಲವು ಸಲ ಮಾಡಬೇಕಾಗುತ್ತದೆ. ಬೊನೇರಿನಲ್ಲಿ ಅಂಥ ಕೊಠಡಿಯಿರುವುದು ದೊಡ್ಡ ಸಮಾಧಾನ. ಎಲ್ಲ ದ್ವೀಪಗಳಲ್ಲಿಯೂ ಅದು ಇರುವುದಿಲ್ಲ, ಇಲ್ಲದ ಕಡೆ ರೋಗಿಯನ್ನು ಕೆಳಮಟ್ಟದಲ್ಲಿ ಹಾರುವ ವಿಶೇಷ ವಿಮಾನದಲ್ಲಿ ಸಾಗಿಸಬೇಕಾಗುತ್ತದೆ. ಆ ಒಂದು ಹಾರಾಟದ ಬಿಲ್ಲು ಇಡೀ ಪ್ರವಾಸದ ವೆಚ್ಚವನ್ನು ಎಷ್ಟೋ ಪಟ್ಟು ಮೀರಬಲ್ಲದು. ಡೈವರುಗಳಿಗೆಂದೇ ಇರುವ ವಿಮೆಗಳು ಇದಕ್ಕಾಗಿ ಹುಟ್ಟಿದವು. 1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಆರಂಭವಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಈ ಕ್ಷೇತ್ರದ ಹಳೆಯ ಸಂಸ್ಥೆ. ಇಂಥ ವಿಮೆಗಳ ವಾರ್ಷಿಕ ಕಂತು ಹೋಟೆಲಿನ ಒಂದು ರಾತ್ರಿಯ ಬಾಡಿಗೆಯ ಆಸುಪಾಸಿನಲ್ಲಿರುತ್ತದೆ.

ಇದೇ ಸಾರಜನಕ ಪ್ರವಾಸದ ಕೊನೆಯ ದಿನದ ಮೇಲೂ ಹಕ್ಕು ಸಾಧಿಸುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಎರಡು ಸಾವಿರ ಮೀಟರಿನ ಸುಮಾರಿನ ಬೆಟ್ಟದ ಮೇಲಿನಷ್ಟೇ ಇರುವುದರಿಂದ, ಹಲವು ದಿನ ಡೈವ್ ಮಾಡಿದವರು ಹಾರುವ ಮೊದಲು ಕನಿಷ್ಠ 18 ಗಂಟೆ ನೀರಿನಿಂದ ಹೊರಗಿರಬೇಕೆಂಬುದು ಒಪ್ಪಿತ ನಿಯಮವಾಗಿದ್ದು, ಅನೇಕರು ಇಪ್ಪತ್ನಾಲ್ಕು ಗಂಟೆ ಬಿಡುತ್ತಾರೆ. ಏಳು ರಾತ್ರಿಗಳ ಪ್ರವಾಸದಲ್ಲಿ ಬರುವ ದಿನ ಅರ್ಧ, ಹೊರಡುವ ಹಿಂದಿನ ದಿನ ಅರ್ಧಕ್ಕೂ ಹೆಚ್ಚು, ಹೊರಡುವ ದಿನ ಪೂರ್ತಿ ಡೈವಿಂಗ್‌ನ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಮೂರೇ ರಾತ್ರಿಗಳ ಪ್ರವಾಸದಲ್ಲಿಯೂ ಬಿಟ್ಟುಹೋಗುವ ಹೊತ್ತು ಅಷ್ಟೇ. ಚಿಕ್ಕ ಪ್ರವಾಸ ಅಗ್ಗವೆಂದು ಕಂಡರೂ ಡೈವೊಂದರ ದರದಲ್ಲಿ ದುಬಾರಿಯಾಗುವುದು ಈ ಕಾರಣದಿಂದ.

ಒಣಗಿ ಕಳೆಯಬೇಕಾದ ಆ ದಿನಕ್ಕೆ ಬೊನೇರಿನಲ್ಲಿ ಹೆಚ್ಚು ಹಣ ಬೇಡ. ದ್ವೀಪದ ಉತ್ತರದ ಐದನೆಯ ಒಂದು ಪಾಲನ್ನು ವ್ಯಾಪಿಸಿರುವ ವಾಷಿಂಗ್ಟನ್ ಸ್ಲಾಗ್‌ಬಾಯ್ ರಾಷ್ಟ್ರೀಯ ಉದ್ಯಾನದಲ್ಲಿ ಕಳ್ಳಿಗಿಡಗಳ ಕಾಡು, ಗಿಳಿಗಳು, ದೊಡ್ಡ ಉಡಗಳಂಥ ಇಗುವಾನಾಗಳು, 241 ಮೀಟರ್ ಎತ್ತರದ ಬ್ರಾಂಡಾರಿಸ್ ಗುಡ್ಡ ಇವೆ. ನಿಸರ್ಗ ಶುಲ್ಕ ಕೊಟ್ಟವರಿಗೆ ಅಲ್ಲಿಗೂ ಪ್ರವೇಶವಿದೆ. ದಕ್ಷಿಣಕ್ಕೆ ಹೋದರೆ ಉಪ್ಪಿನ ಗದ್ದೆಗಳೂ ಫ್ಲೆಮಿಂಗೋ ಹಕ್ಕಿಗಳೂ ಕಾಣುತ್ತವೆ. ಉಪ್ಪನ್ನು ಹಡಗಿಗೆ ತುಂಬುವ ಕಟ್ಟೆಯ ಕಂಬಗಳ ನಡುವೆ ಇಂದು ಡೈವರುಗಳು ಮೀನಿನ ಹಿಂಡುಗಳನ್ನು ನೋಡುತ್ತ ಸುತ್ತುತ್ತಾರೆ, ಹಡಗು ನಿಂತಿದ್ದರೆ ಇಳಿಯುವಂತಿಲ್ಲ; ಅಲ್ಲಿಂದ ಸ್ವಲ್ಪ ದೂರದಲ್ಲಿ, ಆ ಉಪ್ಪನ್ನು ಹೊತ್ತ ಗುಲಾಮರು ಮಲಗುತ್ತಿದ್ದ, ನಿಂತರೆ ತಲೆ ತಾಗುವಷ್ಟು ಕಿರಿದಾದ ಕಲ್ಲಿನ ಗುಡಿಸಲುಗಳು ಸಾಲಾಗಿ ನಿಂತಿವೆ. 1863ರಲ್ಲಿ ಡಚ್ಚರು ಗುಲಾಮಗಿರಿಯನ್ನು ರದ್ದು ಮಾಡುವವರೆಗೆ ದ್ವೀಪದ ಆದಾಯವೆಂದರೆ ಅವರ ಬೆವರೇ ಆಗಿತ್ತು. ಇವನ್ನು ನೋಡಲು ಟಿಕೆಟ್ಟಿಲ್ಲ. ನೀರಿಗಿಳಿಯುವ ದಿನಗಳಲ್ಲಿ ನೋಡಬಹುದಾದ, ಕ್ರಾಲೆಂಡೈಕಿನ ದಕ್ಷಿಣದಲ್ಲಿ ಮುಳುಗಿರುವ, ಸುಮಾರು 72 ಮೀಟರ್ ಉದ್ದದ ಹಿಲ್ಮಾ ಹೂಕರ್ ಹಡಗಿಗೂ ಪ್ರತ್ಯೇಕ ಶುಲ್ಕವಿಲ್ಲ. ಕೆಟ್ಟು ನಿಂತು ಬಂದರಿಗೆ ಎಳೆದು ತಂದ ಈ ಹಡಗಿನಲ್ಲಿ ಟನ್ನುಗಟ್ಟಲೆ ಗಾಂಜಾ ಸಿಕ್ಕಿದ್ದರಿಂದ ಅಧಿಕಾರಿಗಳು ಅದನ್ನು ಹಿಡಿದಿಟ್ಟಿದ್ದರು. ಸೋರುತ್ತಿದ್ದ ಅದು 1984ರ ಸೆಪ್ಟೆಂಬರಿನಲ್ಲಿ ಹವಳದ ಎರಡು ದಿಬ್ಬಗಳ ನಡುವಣ ಮರಳಿನ ಮೇಲೆ, ಡೈವಿಂಗ್ ಅಂಗಡಿಗಳ ಒಡೆಯರು ಬಯಸಿದ್ದ ಜಾಗದಲ್ಲೇ ಎಂಬಂತೆ, ತಾನಾಗಿ ಮುಳುಗಿತು.

ಕರ್ನಾಟಕದಿಂದ ಹೊರಡುವವರ ಮಟ್ಟಿಗೆ ಈ ಎಲ್ಲ ಲೆಕ್ಕದ ಫಲ ಸ್ಪಷ್ಟವಾಗಿದೆ. ಡೈವಿಂಗ್ ಕಲಿಯುವುದಕ್ಕಾಗಿ ಬೊನೇರಿಗೆ ಹೋಗುವುದು ಹಣದ ಪೋಲು. ಮೊದಲ ಹಂತದ ತರಬೇತಿಗೆ ಮೂರು ನಾಲ್ಕು ದಿನ ಬೇಕಾಗುವುದರಿಂದ ದುಬಾರಿ ವಾರದ ಅರ್ಧ ಅದಕ್ಕೇ ಹೋಗುತ್ತದೆ. ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಗಳ ಪ್ರಮಾಣಪತ್ರ ಎಲ್ಲಿ ಪಡೆದರೂ ಎಲ್ಲೆಡೆ ನಡೆಯುತ್ತದೆ. ಮಳೆಗಾಲ ಮುಗಿದ ಮೇಲೆ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ದೋಣಿಗಳಲ್ಲಿಯೋ, ಅಂಡಮಾನ್‌ನಲ್ಲಿಯೋ ಕಲಿತು, ಇಪ್ಪತ್ತು ಮೂವತ್ತು ಡೈವ್‌ಗಳಷ್ಟು ಕೈ ಪಳಗಿಸಿಕೊಂಡು, ಮಾರ್ಗದರ್ಶಕನಿಲ್ಲದೆ ಜೊತೆಗಾರನೊಂದಿಗೆ ನೀರಿಗಿಳಿದು ಮರಳಬಲ್ಲೆನೆಂಬ ಧೈರ್ಯ ಬಂದವರಿಗೆ ಮಾತ್ರ ಹಳದಿ ಕಲ್ಲುಗಳ ಆ ದಡ ತನ್ನ ಬೆಲೆಗೆ ತಕ್ಕ ಫಲ ಕೊಡುತ್ತದೆ. ಹೋದ ಮೇಲೆ ಹತ್ತು ದಿನಕ್ಕಿಂತ ಕಡಿಮೆ ಉಳಿಯುವುದು ಅಷ್ಟು ದೂರದ ಟಿಕೆಟ್ಟಿಗೆ ಮಾಡುವ ಅನ್ಯಾಯ. ಅಷ್ಟು ದಿನ ರಜೆ ಸಿಗದವರು ಸದ್ಯಕ್ಕೆ ನೇತ್ರಾಣಿಗೇ ಇನ್ನೊಮ್ಮೆ ಹೋಗಿಬರುವುದು ಮೇಲು.